ಎಲ್ಲರದೂ ಇಲ್ಲವಾದರೆ ಯಾರದೂ ಬೇಡ

ಇಂಗ್ಲೆಂಡಿನ ಪೂರ್ವದಲ್ಲಿ ಲಿಂಕನ್‌ಶೈರ್ ಎಂಬ ಸೀಮೆ, ಅಲ್ಲಿ ಫುಲ್‌ಸ್ಟೋ ಎಂಬ ಸಣ್ಣ ಹಳ್ಳಿ. ಮೊದಲನೇ ಮಹಾಯುದ್ಧ ಮುಗಿದದ್ದು 1918ರಲ್ಲಿ. ಆ ಯುದ್ಧದಲ್ಲಿ ಸತ್ತ ಊರಿನ ಹುಡುಗರ ಹೆಸರಿನ ಫಲಕ ಫುಲ್‌ಸ್ಟೋಗೆ ಬಂದದ್ದು 2005ರಲ್ಲಿ. ದುಡ್ಡಿಲ್ಲದೆ ತಡವಾದದ್ದಲ್ಲ, ಮರೆತದ್ದೂ ಅಲ್ಲ. ಊರು ಬೇಕೆಂದೇ ಅಷ್ಟು ವರ್ಷ ಸ್ಮಾರಕವಿಲ್ಲದೆ ಇತ್ತು.

ಆ ದೇಶದಲ್ಲಿ ಇದು ಎಂಥ ವಿಚಿತ್ರ ಅಂತ ಹೇಳಬೇಕು. ಅಲ್ಲಿ ಎಷ್ಟೇ ಸಣ್ಣ ಊರಿಗೆ ಹೋಗಿ, ಚರ್ಚಿನ ಅಂಗಳದಲ್ಲೋ ದಾರಿ ಕೂಡುವಲ್ಲೋ ಒಂದು ಕಲ್ಲಿನ ಶಿಲುಬೆ, ಅದರ ಬುಡದಲ್ಲಿ ಹೆಸರುಗಳ ಸಾಲು ಇರುತ್ತದೆ. ಬ್ರಿಟನ್ನಿನಲ್ಲಿ ದಾಖಲಾದ ಯುದ್ಧಸ್ಮಾರಕಗಳೇ ಒಂದು ಲಕ್ಷ ಮೀರುತ್ತವೆ. ಸ್ಮಾರಕ ಕಾಣದಿದ್ದರೆ ಹೊರಗಿನವರು ಮೊದಲು ಊಹಿಸುವುದು, ಇಲ್ಲಿಂದ ಹೋದವರೆಲ್ಲ ಜೀವಸಹಿತ ಬಂದಿರಬೇಕು ಅಂತ. ಹಾಗೆ ಒಬ್ಬರನ್ನೂ ಕಳೆದುಕೊಳ್ಳದ ಊರುಗಳು ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿ ಐವತ್ತು ಚಿಲ್ಲರೆ ಮಾತ್ರ. ಪುಣ್ಯವಂತ ಊರುಗಳು ಅಂತ ಅವುಗಳ ಪಟ್ಟಿಯನ್ನೇ ಮಾಡಿಟ್ಟಿದ್ದಾರೆ. ಫುಲ್‌ಸ್ಟೋ ಆ ಪಟ್ಟಿಯದಲ್ಲ. ಅಲ್ಲಿಂದ ಹೋದವರಲ್ಲಿ ಹಲವರು ಬರಲಿಲ್ಲ.

ಬಾರದವರಲ್ಲಿ ಒಬ್ಬ ಚಾರ್ಲ್ಸ್ ಕಿರ್ಮನ್. ಲಿಂಕನ್‌ಶೈರ್ ರೆಜಿಮೆಂಟಿನ ಸಾದಾ ಸಿಪಾಯಿ. ಗಾಯಗೊಂಡು, ಗುಣವಾಗಿ, ಮತ್ತೆ ಕಂದಕಕ್ಕೆ ಹೋದವನು. 1917ರ ಸೆಪ್ಟೆಂಬರ್ 23ರಂದು ಫ್ರಾನ್ಸಿನಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ಬಂದೂಕು ಹಿಡಿದವರು ಬ್ರಿಟಿಷ್ ಸಿಪಾಯಿಗಳೇ. ಸೈನ್ಯ ಬಿಟ್ಟು ತಪ್ಪಿಸಿಕೊಂಡ ಅಂತ ಕೋರ್ಟ್ ಮಾರ್ಷಲ್ ಅವನಿಗೆ ಮರಣದಂಡನೆ ಕೊಟ್ಟಿತ್ತು.

ಯುದ್ಧ ಮುಗಿದು ಎಲ್ಲ ಊರಲ್ಲೂ ಸ್ಮಾರಕದ ಮಾತು ಶುರುವಾದಾಗ ಫುಲ್‌ಸ್ಟೋದಲ್ಲೂ ಆಯಿತು. ಕಿರ್ಮನ್ ಹೆಸರು ಹಾಕುವಂತಿಲ್ಲ ಅಂತ ಬಂತು. ಹಾಗಾದರೆ ನಮ್ಮ ಹುಡುಗರ ಹೆಸರೂ ಬೇಡ ಅಂದರು ಉಳಿದ ಮನೆಯವರು. ಅಲ್ಲಿಗೆ ಸ್ಮಾರಕದ ಮಾತು ನಿಂತಿತು. ಎರಡನೇ ಮಹಾಯುದ್ಧ ಬಂದು ಹೋಯಿತು. ಬೇರೆ ಊರುಗಳಲ್ಲಿ ಹಳೇ ಕಲ್ಲಿನ ಕೆಳಗೇ ಹೊಸ ಹೆಸರು ಕೆತ್ತಿದರು. ಇಲ್ಲಿ ಕೆತ್ತಲು ಹಳೇ ಕಲ್ಲೇ ಇರಲಿಲ್ಲ.

ಈ ಸಂಗತಿ ಓದಿದಾಗಿನಿಂದ ನನ್ನ ತಲೆಯಲ್ಲಿ ಕೂತಿರುವುದು ಆ ಉಳಿದ ಮನೆಗಳು. ಕಿರ್ಮನ್ ಮನೆಯವರು ಜಗಳ ಮಾಡಿದ್ದರೆ ಅದು ಸಹಜ. ಆದರೆ ಕಾದಾಡಿ ಸತ್ತ ಮಗನ ತಾಯಿಗೆ ಏನು ದರ್ದು? ಅವಳ ಮಗನ ಹೆಸರಿಗೆ ಯಾರ ತಕರಾರೂ ಇರಲಿಲ್ಲ. ಕಲ್ಲಿನ ಮೇಲೆ ಅವನಿಗೆ ಜಾಗ ಖಾತ್ರಿಯಿತ್ತು. ಆ ಜಾಗವನ್ನು ಬಿಟ್ಟುಕೊಡುವುದೆಂದರೆ ಎಷ್ಟು ದೊಡ್ಡದನ್ನು ಬಿಟ್ಟುಕೊಟ್ಟ ಹಾಗೆ ಅಂತ ತಿಳಿಯಬೇಕಾದರೆ ಆಗಿನ ಇನ್ನೊಂದು ನಿಯಮ ಗೊತ್ತಿರಬೇಕು.

1915ರಲ್ಲೇ ಬ್ರಿಟಿಷ್ ಸೈನ್ಯ ರಣರಂಗದಲ್ಲಿ ಸತ್ತವರ ಹೆಣಗಳನ್ನು ಊರಿಗೆ ಸಾಗಿಸುವುದನ್ನು ನಿಲ್ಲಿಸಿತ್ತು. ದುಡ್ಡಿದ್ದವರ ಮಗ ಮನೆಗೆ ಬರುವುದು, ಬಡವರ ಮಗ ಅಲ್ಲೇ ಮಣ್ಣಾಗುವುದು ಬೇಡ ಅನ್ನುವುದೂ ಅದಕ್ಕೆ ಒಂದು ಕಾರಣ. ಎಲ್ಲರೂ ಸತ್ತಲ್ಲೇ ಮಣ್ಣಿಗೆ. 1917ರಲ್ಲಿ, ಯುದ್ಧದಲ್ಲಿ ಸತ್ತವರ ಸಮಾಧಿ ನೋಡಿಕೊಳ್ಳುವ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಹುಟ್ಟಿದಾಗಲೂ ಇದೇ ತತ್ವ ಮುಂದುವರಿಯಿತು: ಜನರಲ್‌ಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. ತತ್ವವೇನೋ ಚೆನ್ನಾಗಿದೆ. ಆದರೆ ಲಿಂಕನ್‌ಶೈರಿನ ಕೂಲಿಯವನ ಹೆಂಡತಿ ಫ್ರಾನ್ಸಿಗೆ ಹೋಗಿ ಗೋರಿ ನೋಡುವುದು ಆಗದ ಹೋಗದ ಮಾತು. ಲಕ್ಷಾಂತರ ಜನರಿಗೆ ಗೋರಿಯೂ ಇರಲಿಲ್ಲ. ಹಾಗಾಗಿ ಊರಿನ ಆ ಶಿಲುಬೆಯೇ ಗೋರಿ. ಯುದ್ಧ ನಿಂತ ದಿನವಾದ ನವೆಂಬರ್ 11ಕ್ಕೆ ಹೂವಿಡುವುದು ಅಲ್ಲಿ, ಅಳುವುದು ಅಲ್ಲಿ, ಮೊಮ್ಮಕ್ಕಳಿಗೆ ಬೆರಳಿಟ್ಟು ತೋರಿಸುವುದು ಅಲ್ಲಿ. ಫುಲ್‌ಸ್ಟೋದ ತಾಯಂದಿರು ಬಿಟ್ಟುಕೊಟ್ಟದ್ದು ಇದನ್ನು.

ಈ ಊರ ಸ್ಮಾರಕಗಳನ್ನು ಕಟ್ಟಿಸಿದ್ದು ಸರ್ಕಾರವಲ್ಲ. ಊರಿನ ಪಾದ್ರಿ, ಮೇಷ್ಟ್ರು, ಜಮೀನ್ದಾರ, ಅಂಗಡಿಯವನು ಸೇರಿ ಸಮಿತಿ ಮಾಡಿಕೊಂಡು, ಚಂದಾ ಎತ್ತಿ, ಯಾರ್ಯಾರ ಹೆಸರು ಹಾಕಬೇಕು ಅಂತ ತಾವೇ ತೀರ್ಮಾನಿಸಿದರು. ನಿಯಮ ಊರಿಗೊಂದು. ಇಲ್ಲಿ ಹುಟ್ಟಿದವನೇ ಆಗಬೇಕೆ, ಕೆಲಸಕ್ಕೆ ಬಂದು ನೆಲೆಸಿದವನಾದರೂ ಸಾಕೆ? ಯುದ್ಧ ಮುಗಿದ ಮೇಲೆ ವಿಷಗಾಳಿಯಿಂದ ಶ್ವಾಸಕೋಶ ಕೊಳೆತು 1920ರಲ್ಲಿ ಸತ್ತವನನ್ನು ಏನು ಮಾಡುವುದು? ಕೆಲವು ಹೆಸರು ಎರಡು ಮೂರು ಊರಿನ ಕಲ್ಲಿನಲ್ಲಿ ಸಿಗುತ್ತವೆ, ಕೆಲವು ಎಲ್ಲೂ ಇಲ್ಲ. ಮಗ ಎಲ್ಲೋ ಬದುಕಿದ್ದಾನೆ, ಒಂದಲ್ಲ ಒಂದು ದಿನ ಬರುತ್ತಾನೆ ಅಂತ ನಂಬಿದ ಕೆಲವರು ಹೆಸರು ಕೊಡಲೇ ಇಲ್ಲ. ಅಂದರೆ ನಾವು ಇವತ್ತು ನೋಡುವ ಈ ಗಂಭೀರ ಪಟ್ಟಿಗಳು ಮೂಲದಲ್ಲಿ ನಾಲ್ಕು ಜನ ಮೇಜಿನ ಸುತ್ತ ಕೂತು ಮಾಡಿದವು. ಆ ನಾಲ್ಕು ಜನರ ಮುಲಾಜು, ಮುಜುಗರ, ಹಳೇ ಜಗಳ ಎಲ್ಲವೂ ಆ ಕಲ್ಲಿನೊಳಗೆ ಸೇರಿಕೊಂಡಿವೆ.

ಗುಂಡಿಕ್ಕಿಸಿಕೊಂಡವರ ವಿಷಯದಲ್ಲಿ ಒಂದು ತಮಾಷೆಯಿದೆ. ಸಮಾಧಿ ಕಮಿಷನ್ ಅವರನ್ನು ಹೊರಗಿಡಲಿಲ್ಲ. ಅವರಿಗೂ ಉಳಿದವರಂಥದೇ ಬಿಳಿ ಕಲ್ಲು. ದೇಹ ಸಿಗದವರ ಹೆಸರು ಫ್ರಾನ್ಸಿನ ದೊಡ್ಡ ಸ್ಮಾರಕಗಳ ಮೇಲಿದೆ. ಅವರನ್ನು ಬಿಟ್ಟದ್ದು ಬಹಳ ಕಡೆ ಅವರವರ ಊರುಗಳೇ. ಸತ್ತ ಜಾಗದಲ್ಲಿ ಹೆಸರು ಉಂಟು, ಹುಟ್ಟಿದ ಜಾಗದಲ್ಲಿ ಇಲ್ಲ.

ಥಾಮಸ್ ಹೈಗೇಟ್ ಎಂಬ ಹುಡುಗನ ಕಥೆ ಇದಕ್ಕೆ ಒಳ್ಳೆ ಉದಾಹರಣೆ. ಆ ಯುದ್ಧದಲ್ಲಿ ಹೀಗೆ ಗುಂಡಿಗೆ ಬಲಿಯಾದ ಮೊದಲ ಬ್ರಿಟಿಷ್ ಸಿಪಾಯಿ ಅವನು. ಯುದ್ಧ ಶುರುವಾಗಿ ಇನ್ನೂ ಐದು ವಾರ. ಫ್ರಾನ್ಸಿನ ಒಂದು ಎಸ್ಟೇಟಿನ ಕೊಟ್ಟಿಗೆಯಲ್ಲಿ ಸಮವಸ್ತ್ರ ಕಳಚಿ ಸಾದಾ ಬಟ್ಟೆಯಲ್ಲಿ ಅಡಗಿದ್ದಾಗ ಸಿಕ್ಕಿಬಿದ್ದ. ಅದು ಸೆಪ್ಟೆಂಬರ್ 6. ವಿಚಾರಣೆ ನಡೆಯಿತು, ಅವನ ಪರವಾಗಿ ಮಾತಾಡಲು ಯಾರೂ ಇರಲಿಲ್ಲ. 8ನೇ ತಾರೀಖು ಬೆಳಗ್ಗೆ 6 ಗಂಟೆ 22 ನಿಮಿಷಕ್ಕೆ ನೀನು ಸಾಯಬೇಕಾಗಿದೆ ಅಂತ ಅವನಿಗೆ ತಿಳಿಸಿದರು. 7 ಗಂಟೆ 7 ನಿಮಿಷಕ್ಕೆ ಮುಗಿಯಿತು. ಮಧ್ಯೆ ಮುಕ್ಕಾಲು ಗಂಟೆ. ಈ ಹೊತ್ತು ನಮಗೆ ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದು ಸೈನ್ಯದವರು ಅದನ್ನು ಬರೆದಿಟ್ಟದ್ದರಿಂದ. ಒಬ್ಬ ಹುಡುಗನನ್ನು ಕೊಲ್ಲುವ ಗಡಿಬಿಡಿಯಲ್ಲೂ ಗಡಿಯಾರ ನೋಡಿ ದಾಖಲೆ ಮಾಡುವ ಆ ಶಿಸ್ತು ನನಗೆ ಗುಂಡಿಗಿಂತ ಹೆಚ್ಚು ದಿಗಿಲು ಹುಟ್ಟಿಸುತ್ತದೆ.

ಹೈಗೇಟ್ ಹುಟ್ಟಿದ್ದು ಕೆಂಟ್ ಸೀಮೆಯ ಶೋರ್‌ಹ್ಯಾಮ್ ಎಂಬ ಹಳ್ಳಿಯಲ್ಲಿ. 2000ನೇ ಇಸವಿಯಲ್ಲಿ ಆ ಊರಿನ ಯುದ್ಧಸ್ಮಾರಕದ ಫಲಕ ಹೊಸದಾಗಿ ಮಾಡಿಸಬೇಕಾಗಿ ಬಂತು. ಅವನ ಹೆಸರು ಸೇರಿಸಬೇಕೇ ಅಂತ ಪಂಚಾಯ್ತಿ ಮತಕ್ಕೆ ಹಾಕಿತು. ಬೇಡ ಅನ್ನುವವರು ಗೆದ್ದರು. ಮುಂದೆ ಜನರ ಮನಸ್ಸು ಬದಲಾದರೆ ಇರಲಿ ಅಂತ ಫಲಕದಲ್ಲಿ ಒಂದು ಹೆಸರಿನಷ್ಟು ಜಾಗ ಖಾಲಿ ಬಿಟ್ಟರು. ಇದು ನನಗೆ ಅಷ್ಟು ಹಿಡಿಸಲಿಲ್ಲ. ಬೇಡ ಅಂದರೆ ಬೇಡ ಅನ್ನಬೇಕು, ಬೇಕು ಅಂದರೆ ಬರೆಯಬೇಕು.

ಹಾಗಂತ ಬೇಡ ಅಂದವರನ್ನು ಕಲ್ಲೆದೆಯವರು ಅಂತ ಬದಿಗೆ ತಳ್ಳಲು ನನಗೆ ಮನಸ್ಸಿಲ್ಲ. ನಮ್ಮ ಬೀದಿಯ ಕೊನೇ ಮನೆಯಲ್ಲಿ ಒಬ್ಬ ನಿವೃತ್ತ ಹವಾಲ್ದಾರರಿದ್ದಾರೆ, ಹಾಸನದ ಕಡೆಯವರು. ಸಂಜೆ ಹೊತ್ತು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಫುಲ್‌ಸ್ಟೋ ಕಥೆಯನ್ನು ಅವರಿಗೆ ಹೇಳಿದೆ. ಮೆಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

“ನಮ್ಮಲ್ಲಿ ಅಂಥೋನಿಗೆ ಭಗೋಡಾ ಅಂತೀವಿ,” ಅಂದರು. “ನೋಡಪ್ಪ, ರಾತ್ರಿ ಪೋಸ್ಟಲ್ಲಿ ನಾವು ಇಬ್ರು ನಿಂತಿರ್ತೀವಿ. ಪಕ್ಕದೋನು ಕಾಲ್ಕಿತ್ತ ಅಂದ್ರೆ ಆ ಜಾಗ ಖಾಲಿ. ದುಷ್ಮನ್ ಬರೋದೇ ಆ ಖಾಲಿ ಜಾಗದಿಂದ. ನಾನು ಸತ್ರೆ ಕಲ್ಲಿನ ಮೇಲೆ ನನ್ನ ಹೆಸರು, ಅದರ ಪಕ್ಕದಲ್ಲೇ ಅವನದೂ. ನನ್ನ ಹೆಂಡ್ತಿ ದಿನಾ ಅದನ್ನ ನೋಡ್ಬೇಕಾ?”

ಇದಕ್ಕೆ ಥಟ್ಟನೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಶೋರ್‌ಹ್ಯಾಮಿನಲ್ಲಿ ಬೇಡ ಅಂದವರ ಮನಸ್ಸಿನಲ್ಲೂ ಇದೇ ಇದ್ದಿರಬೇಕು. ಯುದ್ಧ ಅಂದರೆ ಏನು ಅಂತ ಕಂಡವರ ಮಾತನ್ನು ನನ್ನಂಥ, ಕೈಯಲ್ಲಿ ಬಂದೂಕು ಹಿಡಿಯದ ಮನುಷ್ಯ ಸುಮ್ಮನೆ ತಳ್ಳಿಹಾಕಬಾರದು.

ಆಮೇಲೆ ಅವರಿಗೆ ಹ್ಯಾರಿ ಫಾರ್ ಎಂಬುವನ ವಿಷಯ ಹೇಳಿದೆ. ವೆಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನವನು. 1915ರಲ್ಲಿ ಷೆಲ್ಲಿನ ಆಘಾತದಿಂದ ನರ ಕೆಟ್ಟು ಐದು ತಿಂಗಳು ಆಸ್ಪತ್ರೆಯಲ್ಲಿದ್ದ. ಗುಣವಾಗಿದ್ದಾನೆ ಅಂತ ವಾಪಸ್ ಕಳಿಸಿದರು. 1916ರ ಸೆಪ್ಟೆಂಬರಿನಲ್ಲಿ, ಸೋಮ್ ಕದನ ನಡೆಯುತ್ತಿದ್ದಾಗ, ಇನ್ನು ನನ್ನ ಕೈಲಾಗದು ಅಂತ ಮುಂದಕ್ಕೆ ಹೋಗಲು ಒಪ್ಪಲಿಲ್ಲ. ಹೇಡಿತನದ ಆರೋಪ. ವಿಚಾರಣೆ ಇಪ್ಪತ್ತು ನಿಮಿಷ. ಅಕ್ಟೋಬರ್ 18ರ ಬೆಳಗ್ಗೆ ಕಣ್ಣಿಗೆ ಬಟ್ಟೆ ಕಟ್ಟಲು ಬಿಡದೆ ಗುಂಡಿಗೆ ಎದೆ ಕೊಟ್ಟ. ಊರಿನಲ್ಲಿ ಎಳೇ ಹೆಂಡತಿ, ಮೂರು ವರ್ಷದ ಮಗಳು. ಪಿಂಚಣಿ ನಿಂತಿತು. ಗಂಡ ಸತ್ತ ಬಗೆಯನ್ನು ಆ ಹೆಂಗಸು ದಶಕಗಟ್ಟಲೆ ಹೊಟ್ಟೆಯಲ್ಲೇ ಇಟ್ಟುಕೊಂಡು ಬದುಕಿದಳು. ಮಗಳಿಗೆ ವಿಷಯ ತಿಳಿದದ್ದು ನಡುವಯಸ್ಸಿನಲ್ಲಿ.

ಹವಾಲ್ದಾರರು ಸ್ವಲ್ಪ ಹೊತ್ತು ಕಾಲಿನ ಚಪ್ಪಲಿ ಆಡಿಸುತ್ತ ಕೂತರು. “ಅದು ಭಗೋಡಾ ಕೇಸ್ ಅಲ್ಲ. ಅದು ಮೆಡಿಕಲ್ ಕೇಸು,” ಅಂದರು. “ಕೆಟಗರಿ ಇಳಿಸ್ಬೇಕಿತ್ತು. ಲಂಗರ್‌ಗೋ ಸ್ಟೋರ್‌ಗೋ ಹಾಕ್ಬೇಕಿತ್ತು. ಅಷ್ಟು ದೊಡ್ಡ ಫೌಜಲ್ಲಿ ಒಬ್ಬನಿಗೆ ಆಲೂಗಡ್ಡೆ ಸಿಪ್ಪೆ ಬಿಡಿಸೋ ಕೆಲಸ ಇರ್ಲಿಲ್ವಾ?”

ಇಷ್ಟರಲ್ಲೇ ವಿಷಯದ ತಿರುಳಿದೆ ಅನಿಸಿತು. ಓಡಿದವನು ಯಾರು, ಕುಸಿದವನು ಯಾರು ಅಂತ ನೂರು ವರ್ಷದ ಹಿಂದಿನ ಇಪ್ಪತ್ತು ನಿಮಿಷದ ವಿಚಾರಣೆಯ ಕಾಗದ ನೋಡಿ ಈಗ ಬೇರೆ ಮಾಡುವುದು ಹೇಗೆ? ಬ್ರಿಟಿಷ್ ಸರ್ಕಾರವೂ ಇಲ್ಲೇ ಸಿಕ್ಕಿಹಾಕಿಕೊಂಡಿತ್ತು. 1993ರಲ್ಲಿ ಪ್ರಧಾನಿ ಜಾನ್ ಮೇಜರ್ ಕ್ಷಮಾದಾನ ಆಗದು ಅಂದರು. 1998ರಲ್ಲಿ ಇನ್ನೊಂದು ಸರ್ಕಾರ ಕಡತಗಳನ್ನೆಲ್ಲ ತಿರುವಿ ನೋಡಿ, ಒಬ್ಬೊಬ್ಬರ ತೀರ್ಪು ಬದಲಿಸುವಷ್ಟು ಸಾಕ್ಷ್ಯ ಉಳಿದಿಲ್ಲ, ಆದರೆ ಇವರ ಹೆಸರು ಸ್ಮಾರಕಗಳಿಗೆ ಸೇರಲಿ ಎಂಬುದು ನಮ್ಮ ಆಸೆ ಅಂದಿತು. ನ್ಯೂಜಿಲೆಂಡ್ 2000ದಲ್ಲೇ ಕಾಯ್ದೆ ಮಾಡಿ ತನ್ನ ಐವರನ್ನು ಕ್ಷಮಿಸಿತು. ಫಾರ್ ಮಗಳು ಕೋರ್ಟು ಮೆಟ್ಟಿಲು ಹತ್ತಿದಳು. ಕೊನೆಗೆ 2006ರ ಕಾಯ್ದೆ 306 ಜನರಿಗೆ ಒಟ್ಟಿಗೆ ಕ್ಷಮೆ ಕೊಟ್ಟಿತು. ಆಗ ಅವಳಿಗೆ 93 ವರ್ಷ. ಆ ಕಾಯ್ದೆಯಲ್ಲೇ ಇನ್ನೊಂದು ವಾಕ್ಯವಿದೆ: ಈ ಕ್ಷಮೆಯಿಂದ ಶಿಕ್ಷೆಯಾಗಲಿ ತೀರ್ಪಾಗಲಿ ರದ್ದಾಗುವುದಿಲ್ಲ. ವಕೀಲರ ಬುದ್ಧಿ ಅಂದರೆ ಇದು. ಕೈಯಲ್ಲಿ ಕೊಟ್ಟ ಹಾಗೂ ಇರಬೇಕು, ಕೊಡದ ಹಾಗೂ ಇರಬೇಕು.

ಫುಲ್‌ಸ್ಟೋ ಇದಕ್ಕೆಲ್ಲ ಕಾಯಲಿಲ್ಲ. ಊರಿನ ಸಭಾಭವನದಲ್ಲಿ ಫಲಕ ಹಾಕಿದ್ದು 2005ರಲ್ಲಿ, ಕ್ಷಮಾದಾನಕ್ಕೆ ಮೊದಲೇ. ಕಿರ್ಮನ್ ತಪ್ಪು ಮಾಡಿದನೋ ಇಲ್ಲವೋ ಅಂತ ತೀರ್ಪು ಕೊಡುವ ಗೋಜಿಗೂ ಊರು ಹೋಗಲಿಲ್ಲ ಅಂತಲೇ ನಾನು ಓದಿಕೊಳ್ಳುತ್ತೇನೆ. ಸೈನ್ಯಕ್ಕೆ ಬೇಕಾದದ್ದು ಅವನು ಹೇಗೆ ಸತ್ತ ಅನ್ನುವುದು. ಊರಿಗೆ ಗೊತ್ತಿದ್ದದ್ದು ಇಷ್ಟೇ: ಇಷ್ಟು ಹುಡುಗರು ಹೋದರು, ಇಷ್ಟು ಜನ ಬರಲಿಲ್ಲ. ಈ ಎರಡು ಲೆಕ್ಕ ಬೇರೆ ಬೇರೆ. ಎರಡಕ್ಕೂ ಅದರದರ ಜಾಗವಿದೆ. ಹವಾಲ್ದಾರರ ಲೆಕ್ಕ ರೆಜಿಮೆಂಟಿನ ಸ್ಮಾರಕದಲ್ಲಿ ಸರಿ. ಊರಿನ ಕಲ್ಲಿನಲ್ಲಿ ಊರಿನ ಲೆಕ್ಕ ಇರಬೇಕು.

ಇನ್ನೊಂದು ಸೂಕ್ಷ್ಮ. ಬಿಟ್ಟುಹೋದ ಹೆಸರನ್ನು ಹಳೇ ಸ್ಮಾರಕಕ್ಕೆ ಸೇರಿಸುವಾಗ ಬಹಳ ಕಡೆ ಅದು ತುದಿಗೆ ಬಂದು ಕೂರುತ್ತದೆ. ಮೇಲಿನವೆಲ್ಲ ಅಕ್ಷರ ಕ್ರಮದಲ್ಲಿರುತ್ತವೆ, ಕೆಳಗೆ ಒಂದು ಮಾತ್ರ ಕ್ರಮ ತಪ್ಪಿ, ಅಕ್ಷರದ ಬಣ್ಣ ಹೊಸದಾಗಿ, ಊಟದ ಪಂಕ್ತಿ ಎದ್ದ ಮೇಲೆ ಬಂದು ಕೂತವನ ಹಾಗೆ. ನೋಡಿದವರು ಯಾಕೆ ಅಂತ ಕೇಳೇ ಕೇಳುತ್ತಾರೆ. ಫುಲ್‌ಸ್ಟೋದಲ್ಲಿ ಯಾರ ಹೆಸರೂ ಮೊದಲು ಕೆತ್ತಲಿಲ್ಲವಾದ್ದರಿಂದ ಆಮೇಲೆ ಸೇರಿದವನು ಅಂತ ಯಾರೂ ಇಲ್ಲ. ಆ ತಾಯಂದಿರು ಇಷ್ಟನ್ನೆಲ್ಲ ಯೋಚಿಸಿದ್ದರೋ ಇಲ್ಲವೋ, ಫಲ ಮಾತ್ರ ಹೀಗಾಯಿತು.

ಈಗ ನಮ್ಮ ಕಡೆಗೆ ಬರುತ್ತೇನೆ.

ಕಿರ್ಮನ್ ಸತ್ತು ಸರಿಯಾಗಿ ಒಂದು ವರ್ಷಕ್ಕೆ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಸವಾರರು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದರು. ಈ ಕಥೆ ಈಗ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ದಿಲ್ಲಿಯ ತೀನ್ ಮೂರ್ತಿಯ ಮೂರು ಮೂರ್ತಿಗಳಲ್ಲಿ ಒಂದು ಮೈಸೂರಿನದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕವಿದೆ, ಹೈಫಾ ದಿನಾಚರಣೆಗೆ ಅಲ್ಲಿ ಹೂವಿಡುತ್ತಾರೆ. ಗೆದ್ದ ಕಥೆಗೆ ಕಲ್ಲು ಬೇಗ ಸಿಗುತ್ತದೆ. ಆ ಕುದುರೆಗಳ ಮೈ ಉಜ್ಜಿದ ಸಾಹೀಸರು, ಹೇಸರಗತ್ತೆ ಹೊಡೆದವರು, ಅಡುಗೆಯವರು, ನೀರು ಹೊತ್ತ ಭಿಸ್ತಿಗಳು, ಇವರೂ ಸಮುದ್ರ ದಾಟಿ ಹೋದವರೇ. ಸೈನ್ಯದ ಭಾಷೆಯಲ್ಲಿ ಇವರು ಫಾಲೋವರ್ಸ್. ಇವರ ಹೆಸರು ಹುಡುಕಿ ನೋಡಿ.

ಸಿಪಾಯಿಗಳದ್ದೇ ಹುಡುಕುವುದು ಕಷ್ಟ. ಇಂಡಿಯಾ ಗೇಟ್ ಮೊದಲನೇ ಯುದ್ಧದ ಸುಮಾರು 70,000 ಭಾರತೀಯ ಮೃತರ ಸ್ಮಾರಕ. ಅದರ ಮೇಲೆ ಕೆತ್ತಿರುವ ಹೆಸರುಗಳು ಸುಮಾರು 13,000, ಅವೂ ಹೆಚ್ಚಾಗಿ ವಾಯವ್ಯ ಗಡಿಯಲ್ಲಿ, 1919ರ ಆಫ್ಘನ್ ಯುದ್ಧದಲ್ಲಿ ಸತ್ತವರದು. ಫ್ರಾನ್ಸಿನಲ್ಲಿ ಸತ್ತವರಿಗೆ ಫ್ರಾನ್ಸಿನ ನೂವ್ ಷಪೆಲ್‌ನಲ್ಲಿ ಹೆಸರಿನ ಗೋಡೆಯಿದೆ. ಮೆಸೊಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕಿನಲ್ಲಿ ಸತ್ತವರದು ಬೇರೆ ಕಥೆ. ಭಾರತೀಯರು ಅತಿ ಹೆಚ್ಚು ಸಂಖ್ಯೆಯಲ್ಲಿ ಹೋದದ್ದು ಅಲ್ಲಿಗೆ. ಬೆಂಗಳೂರಿನಲ್ಲೇ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಎಂಬ ಸೈನ್ಯದ ಎಂಜಿನಿಯರ್ ಪಡೆಯವರು ಕೂಡ ಅಲ್ಲಿದ್ದರು. 1929ರಲ್ಲಿ ಬಸ್ರಾದಲ್ಲಿ ಕಮಿಷನ್ ದೊಡ್ಡ ಸ್ಮಾರಕ ಕಟ್ಟಿಸಿತು. ಬ್ರಿಟಿಷ್ ಸಿಪಾಯಿಗಳಿಗೆ ಒಬ್ಬೊಬ್ಬರ ಹೆಸರು. ಭಾರತೀಯರಲ್ಲಿ ಅಧಿಕಾರಿಗಳಿಗೆ ಹೆಸರು. ಉಳಿದ ಭಾರತೀಯ ಸಿಪಾಯಿಗಳಿಗೆ ರೆಜಿಮೆಂಟಿನ ಹೆಸರಿನ ಕೆಳಗೆ ಒಂದು ಸಂಖ್ಯೆ.

ಇದನ್ನು ಹೇಳಿದಾಗ ಹವಾಲ್ದಾರರು ತಲೆಯಾಡಿಸಿದರು. “ನಂಬರ್ ಇದ್ರೆ ಸಾಕಲ್ಲಪ್ಪ. ನಂಬರ್ ಕೊಟ್ರೆ ರೆಕಾರ್ಡ್ಸ್‌ನಲ್ಲಿ ಮನುಷ್ಯ ಸಿಗ್ತಾನೆ. ಹೆಸರು ಮರೆತ್ರೂ ಆರ್ಮಿ ನಂಬರ್ ಮರೆಯೋ ಸಿಪಾಯಿ ಇಲ್ಲ.”

“ಆರ್ಮಿ ನಂಬರ್ ಅಲ್ಲ ಸಾರ್. ಎಷ್ಟು ಜನ ಸತ್ರು ಅಂತ ಎಣಿಕೆ.”

“ಎಣಿಕೆನಾ?”

ಅಷ್ಟೇ ಕೇಳಿದರು. ತಮ್ಮ ನಂಬರನ್ನು ಮಂತ್ರದಂತೆ ಹೇಳಬಲ್ಲ ಮನುಷ್ಯನಿಗೆ ಅದು ಕೂಡ ಇಲ್ಲದ ಕಲ್ಲು ಯಾವ ಬಗೆಯದು ಅಂತ ಹೊಳೆಯಲಿಲ್ಲ.

ಊರುಗಳಲ್ಲೂ ಅದೇ ನಡೆಯಿತು. ಯುದ್ಧವಾದ ಮೇಲೆ ಪಂಜಾಬಿನಿಂದ ತಮಿಳುನಾಡಿನವರೆಗೆ ಎಷ್ಟೋ ಹಳ್ಳಿಗಳ ಚಾವಡಿ, ಶಾಲೆ ಗೋಡೆಗಳಿಗೆ ಸರ್ಕಾರ ಅಮೃತಶಿಲೆಯ ಪುಟ್ಟ ಫಲಕ ಹಾಕಿಸಿತು. ಎಲ್ಲದರಲ್ಲೂ ಒಂದೇ ಒಕ್ಕಣೆ: ಈ ಗ್ರಾಮದಿಂದ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು. ಖಾಲಿ ಜಾಗದಲ್ಲಿ ಎರಡು ಅಂಕಿ ತುಂಬಿದರೆ ಫಲಕ ಮುಗಿಯಿತು. ಮೂವರು ಸತ್ತ ಊರಿನಲ್ಲಿ ಆ ಮೂವರು ಯಾರು ಅಂತ ಪ್ರತಿ ಮನೆಗೂ ಗೊತ್ತಿತ್ತು. ಕೇಳಿದ್ದರೆ ಒಂದೇ ಮಧ್ಯಾಹ್ನದಲ್ಲಿ ಹೆಸರು ಬರೆಸಬಹುದಿತ್ತು. ಅಲ್ಲಿ ಫುಲ್‌ಸ್ಟೋದವರಿಗೆ ಬೇಡ ಅನ್ನುವ ಅವಕಾಶವಾದರೂ ಇತ್ತು. ಇಲ್ಲಿ ಊರಿನವರು ಆ ಒಕ್ಕಣೆಯನ್ನು ಓದುವಂತೆಯೂ ಇರಲಿಲ್ಲ, ಬಹುತೇಕ ಫಲಕಗಳು ಇಂಗ್ಲಿಷಿನಲ್ಲಿದ್ದವು.

ಕಮಿಷನ್ ತಾನೇ ನೇಮಿಸಿದ ಸಮಿತಿ 2021ರಲ್ಲಿ ವರದಿ ಕೊಟ್ಟಿತು. ಆಫ್ರಿಕಾ, ಏಷ್ಯಾದ 45,000ದಿಂದ 54,000 ಮೃತರಿಗೆ ಬೇರೆಯವರಿಗೆ ಸಿಕ್ಕಷ್ಟು ಮನ್ನಣೆ ಸಿಗಲಿಲ್ಲ. ಕನಿಷ್ಠ 1,16,000 ಜನರಿಗೆ, ಬಹುಶಃ 3,50,000ದವರೆಗೂ, ಹೆಸರಿನ ಸ್ಮಾರಕವಿಲ್ಲ ಅಥವಾ ಯಾವ ಸ್ಮಾರಕವೂ ಇಲ್ಲ. ಯಾಕೆ ಅನ್ನುವುದಕ್ಕೆ ಹಳೇ ಪತ್ರಗಳೂ ಆ ವರದಿಯಲ್ಲಿವೆ. ಈಗಿನ ಘಾನಾದ ಗವರ್ನರ್ ಆಗಿದ್ದ ಗುಗಿಸ್‌ಬರ್ಗ್ 1923ರಲ್ಲಿ, ಇಲ್ಲಿನ ಸಾಮಾನ್ಯ ಜನರಿಗೆ ಸಮಾಧಿಕಲ್ಲು ಅಂದರೆ ಅರ್ಥವೂ ಆಗದು, ಬೆಲೆಯೂ ತಿಳಿಯದು ಎಂಬ ಮಾತು ಹೇಳಿದ್ದ.

ಕಲ್ಲಿನ ಬೆಲೆ ತಿಳಿಯದು! ನಮ್ಮ ಕಡೆ ಬಂದು ಹೊಲದ ಬದುವಿನಲ್ಲಿ ಒಂದು ಸುತ್ತು ಹಾಕಿದ್ದರೆ ಈ ಜಾತಿಯ ಅಧಿಕಾರಿಗಳಿಗೆ ಗೊತ್ತಾಗುತ್ತಿತ್ತು. ಬೇಗೂರಿನ ಶಾಸನ ನೋಡಿ. ಬೆಂಗಳೂರಿನ ಹೆಸರು ಮೊದಲು ಸಿಗುವುದೇ ಒಂದು ಕಾಳಗದಲ್ಲಿ ಬುಟ್ಟಣಸೆಟ್ಟಿ ಎಂಬವನು ಸತ್ತ ಸುದ್ದಿಯಲ್ಲಿ, ಅದೂ ಸುಮಾರು ಹನ್ನೊಂದು ಶತಮಾನದ ಹಿಂದೆ. ತುರು ಬಿಡಿಸಲು ಹೋಗಿ ಸತ್ತವನು, ಗಡಿ ಜಗಳದಲ್ಲಿ ಸತ್ತವನು, ಹುಲಿಯ ಜೊತೆ ಹೋರಾಡಿ ಸತ್ತವನು, ಎಲ್ಲರಿಗೂ ವೀರಗಲ್ಲು. ಮಂಡ್ಯ ಸೀಮೆಯ ಆತಕೂರಿನಲ್ಲಿ 949–50ರ ಹೊತ್ತಿಗೆ ನಿಲ್ಲಿಸಿದ ಕಲ್ಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಏನು ಬೇಕು ಕೇಳು ಅಂತ ಗಂಗರ ಬೂತುಗ ಅಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿ. ಆ ಕಾಳಿ ಒಂದು ಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ನಾಯಿಗೆ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನಲ್ಲಿ ನಾಯಿಯೂ ಇದೆ, ಹಂದಿಯೂ ಇದೆ, ನಾಯಿಯ ಹೆಸರೂ ಇದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು ಅದು.

ಹತ್ತನೇ ಶತಮಾನದಲ್ಲಿ ನಾಯಿಯ ಹೆಸರನ್ನು ಬಿಡದ ಸೀಮೆಯಿಂದ ಹೋದವರು ಇಪ್ಪತ್ತನೇ ಶತಮಾನದ ಬಸ್ರಾದಲ್ಲಿ ಎಣಿಕೆಯಾದರು ಅಂತ ಬರೆಯುವಾಗ ಸಿಟ್ಟು ಬರುತ್ತದೆ. ಆದರೆ ಜಂಬ ಪಡುವ ಮುಂಚೆ ಒಂದು ಮಾತು. ನಮ್ಮ ವೀರಗಲ್ಲಿನಲ್ಲಿ ಕಿರ್ಮನ್‌ಗೆ ಜಾಗ ಸಿಗುತ್ತಿತ್ತೇ? ಇಲ್ಲ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಸಾನ್ನಿಧ್ಯ. ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ, ಕ್ಷಣಭಂಗುರ ದೇಹಕ್ಕೆ ರಣದಲ್ಲಿ ಸಾವಿನ ಚಿಂತೆ ಯಾಕೆ ಎಂಬ ಶ್ಲೋಕವನ್ನು ಎಷ್ಟು ಕಲ್ಲುಗಳಲ್ಲಿ ಕೆತ್ತಿದ್ದಾರೋ. ನಡುಗಿ ಕೂತವನಿಗೆ, ತಿರುಗಿ ಓಡಿದವನಿಗೆ ಅಲ್ಲಿ ಪಟ್ಟಿಯಿಲ್ಲ. ವೀರಗಲ್ಲು ಹವಾಲ್ದಾರರ ಪಕ್ಷ. ಎಲ್ಲರದೂ ಇಲ್ಲವಾದರೆ ಯಾರದೂ ಬೇಡ ಅನ್ನುವ ಹಟ ನಮ್ಮ ಪರಂಪರೆಯಿಂದ ಬಂದದ್ದಲ್ಲ, ಅವರ ಪರಂಪರೆಯಿಂದಲೂ ಬಂದದ್ದಲ್ಲ. ಅದು ಒಂದು ಹಳ್ಳಿಯ ಕೆಲವು ಮನೆಗಳು ತಾವಾಗಿ ಕಂಡುಕೊಂಡದ್ದು.

ಕೆಲಸ ನಡೆಯುತ್ತಿಲ್ಲ ಅಂತಲ್ಲ. 2025ರ ಜನವರಿಯಲ್ಲಿ ಕೇಪ್‌ಟೌನಿನಲ್ಲಿ ಒಂದು ಸ್ಮಾರಕ ತೆರೆಯಿತು. ಬಂದೂಕು ಕೊಡದೆ ಬರೀ ದುಡಿಸಿಕೊಂಡು, ಸತ್ತ ಮೇಲೆ ಮರೆತ 1,700ಕ್ಕೂ ಹೆಚ್ಚು ಕಪ್ಪು ದಕ್ಷಿಣ ಆಫ್ರಿಕನ್ನರಿಗೆ ಒಬ್ಬೊಬ್ಬರಿಗೂ ಒಂದೊಂದು ಮರದ ಕಂಬ, ಅದರ ಮೇಲೆ ಹೆಸರು ಮತ್ತು ಸತ್ತ ದಿನ. ಹೆಸರುಗಳು ಸಿಕ್ಕಿದ್ದು ಹಳೇ ಸೈನ್ಯದ ದಫ್ತರಗಳಲ್ಲೇ. ಲಾಹೋರ್ ಮ್ಯೂಸಿಯಮ್ಮಿನಲ್ಲಿ ಬಿದ್ದಿದ್ದ ಪಂಜಾಬಿನ ರಿಜಿಸ್ಟರುಗಳಲ್ಲಿ ಆ ಯುದ್ಧಕ್ಕೆ ಹೋದ ಸುಮಾರು 3,20,000 ಜನರ ವಿವರ ಊರುವಾರು ಸಿಕ್ಕಿತು. ಅದನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಶುರುವಾಯಿತು. ಬ್ರಿಟನ್ನಿನಲ್ಲಿ ಇನ್ ಫ್ರಮ್ ದ ಕೋಲ್ಡ್ ಎಂಬ ಸ್ವಯಂಸೇವಕರ ತಂಡ, ಮನೆಗೆ ಬಂದು ಕ್ಷಯದಿಂದಲೋ ಗಾಯದಿಂದಲೋ ಸತ್ತು ಪಟ್ಟಿಯಿಂದ ಬಿಟ್ಟುಹೋದವರ ಮರಣಪತ್ರಗಳನ್ನು ಒಂದೊಂದಾಗಿ ಹುಡುಕಿ ಕಮಿಷನ್ನಿಗೆ ಕಳಿಸುತ್ತದೆ. ಇವೆಲ್ಲ ಧೂಳಿನ ಕೆಲಸ, ಭಾಷಣವಿಲ್ಲದ ಕೆಲಸ. ಕಮಿಷನ್ನಿನ ಜಾಲತಾಣದಲ್ಲಿ ಈಗ ಭಾರತೀಯ ಸಿಪಾಯಿಗಳ ಹೆಸರು, ಕೆಲವರದು ತಂದೆಯ ಹೆಸರು, ಹಳ್ಳಿ ಸಮೇತ ಸಿಗುತ್ತದೆ. ನಮ್ಮ ಜಿಲ್ಲೆಗಳವರನ್ನು ಅದರಿಂದ ಆರಿಸಿ ಊರುವಾರು ಪಟ್ಟಿ ಮಾಡಿದರೆ ಒಂದು ಶುರುವಾತು ಆಗುತ್ತದೆ. ಸ್ಪೆಲಿಂಗಿನ ಗೋಜಲು ಬಿಡಿಸಲು ಕನ್ನಡ ಬಲ್ಲವರೇ ಬೇಕು. ಇಂಗ್ಲಿಷ್ ಗುಮಾಸ್ತನ ಕಿವಿಗೆ ಬಿದ್ದ ಊರಿನ ಹೆಸರು ಯಾವುದು ಅಂತ ಊರಿನವರಿಗಲ್ಲದೆ ಬೇರೆ ಯಾರಿಗೆ ಗೊತ್ತಾಗಬೇಕು?

ಇದನ್ನು ಹವಾಲ್ದಾರರ ಹತ್ತಿರ ಹೇಳಿದಾಗ ಅವರಿಗೆ ಹುರುಪು ಬಂತು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಯಾರನ್ನು ಕಾಣಬೇಕು, ಮಾಜಿ ಸೈನಿಕರ ಸಂಘದಲ್ಲಿ ಓಡಾಡುವವರು ಯಾರು ಅಂತ ಎಲ್ಲ ಹೇಳಿದರು. ಕಲ್ಲು ಮಾಡಿಸುವ ಹಾಗಿದ್ದರೆ ತಮ್ಮದೂ ಚಂದಾ ಇರಲಿ ಅಂದರು. ಸಾಹೀಸರನ್ನೂ ಅಡುಗೆಯವರನ್ನೂ ಸೇರಿಸಬೇಕು ಅಂದಾಗ, “ಸೇರಿಸ್ಲೇಬೇಕು, ಲಂಗರ್ ಇಲ್ದೆ ಫೌಜ್ ಎಲ್ಲಿ?” ಅಂದರು. ಆಮೇಲೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೇಳಿದರು:

“ಭಗೋಡಾ ಯಾರಾದ್ರೂ ಸಿಕ್ಕಿದ್ರೆ?”

“ಹಾಕೋದೇ ಸಾರ್.”

“ಹಾಗಾದ್ರೆ ನನ್ನ ಚಂದಾ ಅರ್ಧ ಅಷ್ಟೆ ನೋಡಪ್ಪ.”